24 ಸೆಂಟಿಮೀಟರಿನ ಪಟ್ಟಿಯಲ್ಲಿ ಭಿನ್ನರಾಶಿ

ಅರ್ಧ ರೊಟ್ಟಿ, ಕಾಲು ಕೆಜಿ ಬೆಲ್ಲ, ಮುಕ್ಕಾಲು ಗಂಟೆ ಎಂಬ ಮಾತುಗಳು ಶಾಲೆಗೆ ಸೇರುವ ಮೊದಲೇ ಮಗುವಿನ ಕಿವಿಗೆ ಬಿದ್ದಿರುತ್ತವೆ. ತೊಡಕು ಶುರುವಾಗುವುದು 3/4 ಎಂದು ಬರೆದಾಗ. ಮಗುವಿಗೆ ಅಲ್ಲಿ ಒಂದು ಮೂರು, ಒಂದು ನಾಲ್ಕು ಕಾಣುತ್ತವೆ. ಎರಡೂ ಸೇರಿ ಒಂದೇ ಸಂಖ್ಯೆ ಎಂಬುದು ಹೊಳೆಯುವುದಿಲ್ಲ.

ಮೊದಲ ಪಾಠಕ್ಕೆ ದುಂಡು ರೊಟ್ಟಿಯ ಚಿತ್ರಕ್ಕಿಂತ ಕಾಗದದ ಪಟ್ಟಿಯೇ ವಾಸಿ. ವೃತ್ತವನ್ನು ಮೂರು ಪಾಲು ಮಾಡಲು ಹೇಳಿದರೆ ಅನೇಕ ಮಕ್ಕಳು ಮೇಲಿಂದ ಕೆಳಕ್ಕೆ ಎರಡು ಗೆರೆ ಎಳೆದುಬಿಡುತ್ತಾರೆ. ಮೂರರ ಅಗಲವೂ ಸಮವಿದ್ದರೂ ನಡುವಿನ ತುಂಡಿಗೆ ಸುಮಾರು ಶೇ. 42, ಅಂಚಿನವಕ್ಕೆ ತಲಾ ಶೇ. 29 ಭಾಗ ಹೋಗುತ್ತದೆ. ಪಟ್ಟಿಯಲ್ಲಿ ಅಗಲ ಸಮವಾದರೆ ಪಾಲೂ ಸಮ.

ಒಂದು ಎ4 ಹಾಳೆಯಲ್ಲಿ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಏಳು ಪಟ್ಟಿ ಸಿಗುತ್ತವೆ. 24 ಯಾಕೆಂದರೆ ಅರ್ಧ 12, ಮೂರನೇ ಒಂದು 8, ಕಾಲು 6, ಎಂಟನೇ ಒಂದು 3: ಎಲ್ಲವೂ ಪೂರ್ಣ ಸೆಂಟಿಮೀಟರು. ಒಂದು ಪಟ್ಟಿಯನ್ನು ಮಡಿಸದೆ ‘ಇಡೀ’ ಎಂದು ಬರೆದು ಎದುರಿಗಿಡಿ.

ಒಮ್ಮೆ ಮಡಿಸಿದರೆ 2 ಭಾಗ, ಇನ್ನೊಮ್ಮೆ ಮಡಿಸಿದರೆ 4. ಮೂರನೇ ಸಲ ಮಡಿಸಿದಾಗ, ಬಿಡಿಸುವ ಮೊದಲು ಎಷ್ಟಿರಬಹುದೆಂದು ಕೇಳಿ. ‘ಆರು’ ಎಂದರೆ ತಿದ್ದಬೇಡಿ, ಬಿಡಿಸಿ ತಾನೇ ಎಣಿಸಲಿ. ಪ್ರತಿ ಮಡಿಕೆಯೂ ಇದ್ದ ಭಾಗಗಳನ್ನೆಲ್ಲ ಇಬ್ಭಾಗ ಮಾಡುತ್ತದೆಂಬುದು ಆಗ ಕಣ್ಣಿಗೇ ಕಾಣುತ್ತದೆ. ಮೂರು ಭಾಗ ಮಾಡುವುದು ಕಷ್ಟ. ಅರ್ಧಕ್ಕೆ ಮಡಿಸಿ, ಒಂದರ್ಧವನ್ನು ಮತ್ತೆ ಅರ್ಧ ಮಾಡಿ ‘ಮೂರಾಯಿತು’ ಎನ್ನುವ ಮಗುವಿನ ಕೈಯಲ್ಲಿರುವುದು 12, 6, 6. ಕತ್ತರಿಸಿ ಒಂದರ ಮೇಲೊಂದು ಇಡಲು ಹೇಳಿ. ಆಮೇಲೆ 8 ಮತ್ತು 16ರಲ್ಲಿ ಗುರುತು ಹಾಕಿಸಿ ಮಡಿಸಿ.

ಎಂಟರಲ್ಲಿ ಮೂರು ಭಾಗಕ್ಕೆ ಬಣ್ಣ ಹಚ್ಚಿ 3/5 ಎಂದು ಬರೆಯುವುದು ತೀರ ಸಾಮಾನ್ಯ. ಬಣ್ಣದ್ದು ಮೂರು, ಬಿಳಿಯದು ಐದು ಎಂದು ಬೇರೆ ಬೇರೆ ಎಣಿಸಿರುತ್ತದೆ. ಇಲ್ಲಿ ಕನ್ನಡವೇ ಕೈಹಿಡಿಯುತ್ತದೆ: ‘ಎಂಟರಲ್ಲಿ ಮೂರು’ ಎನ್ನುವಾಗ ಛೇದ ಮೊದಲು, ಅಂಶ ಆಮೇಲೆ. ಕೆಲಸದ ಕ್ರಮವೂ ಅದೇ. ಹಾಗಾಗಿ ಇಡೀ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಎಂಟನ್ನು ಎಣಿಸಿ ಗೆರೆಯ ಕೆಳಗೆ ಬರೆಸಿ, ಆಮೇಲೆ ಮೇಲಿನ ಮೂರು.

ಕೊನೆಗೆ ಪಟ್ಟಿಯನ್ನು ಸಂಖ್ಯಾರೇಖೆಯ 0ಯಿಂದ 1ರವರೆಗೆ ಇಡಿ. ಕಾಲುಭಾಗದ ಪಟ್ಟಿಯಲ್ಲಿ ಎರಡು ತುದಿ ಸೇರಿ ಗುರುತುಗಳು ಐದು, ಜಿಗಿತಗಳು ನಾಲ್ಕು. ಗುರುತು ಎಣಿಸಿದ ಮಗು ಐದನೇ ಒಂದು ಎನ್ನುತ್ತದೆ, ಜಿಗಿತ ಎಣಿಸಲು ಹೇಳಿ. ಮುಂದಕ್ಕೆ ಇನ್ನೊಂದು ಪಟ್ಟಿ ಜೋಡಿಸಿ ಐದನೇ ಜಿಗಿತ ಹಾಕಿಸಿದರೆ 5/4, ಅದೇ ಒಂದೂಕಾಲು.