ಒಂದು ನಾಗರಹಾವನ್ನು ಹೊಡೆದರೆ ಅದರ ಜೋಡಿ ಸೇಡಿಗೆ ಬರುತ್ತಾ?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಒಂದು ನಾಗರಹಾವನ್ನು ಹೊಡೆದು ಹಾಕಿದರು. ಕೆಲವೇ ದಿನಕ್ಕೆ ಅದೇ ಜಾಗದಲ್ಲಿ ಇನ್ನೊಂದು ಕಾಣಿಸಿತು. ಇದು ಸತ್ತ ಹಾವಿನ ಜೋಡಿಯೇ? ಮನೆಯವರೆಲ್ಲ ಹೆದರಿದ್ದಾರೆ.

ಉತ್ತರ: ಸೇಡಿನ ಭಯ ಬೇಡ. ಇನ್ನೊಂದು ಹಾವು ಬರುವುದಕ್ಕೆ ಬೇರೆಯೇ ಕಾರಣಗಳಿವೆ.

ನಾಗರಹಾವುಗಳು ಬದುಕಿಡೀ ಒಂದೇ ಜೋಡಿಯಾಗಿ ಇರುವುದಿಲ್ಲ. ಬೆದೆಯ ಕಾಲದಲ್ಲಿ ಕೂಡುತ್ತವೆ, ಆಮೇಲೆ ಅವುಗಳ ದಾರಿ ಬೇರೆ ಬೇರೆ. ಹೊಡೆದವರ ಚಿತ್ರ ಹಾವಿನ ಕಣ್ಣಲ್ಲಿ ಉಳಿಯುತ್ತದೆ ಅಂತ ಸತ್ತ ಮೇಲೂ ತಲೆ ಜಜ್ಜುವವರಿದ್ದಾರೆ. ಅಂಥದ್ದೇನೂ ಇಲ್ಲ.

ಇರುವುದು ವಾಸನೆ. ಬೆದೆಗೆ ಬಂದ ಹೆಣ್ಣು ಹರಿದಾಡಿದಲ್ಲೆಲ್ಲ ಮೈಯ ವಾಸನೆ ನೆಲಕ್ಕೆ ಅಂಟುತ್ತದೆ. ಗಂಡು ನಾಲಿಗೆ ಚಾಚಿ ಚಾಚಿ ಅದನ್ನೇ ಹಿಡಿಯುತ್ತದೆ. ನಾಲಿಗೆಗೆ ಅಂಟಿದ ಕಣಗಳು ಬಾಯಿಯ ಮೇಲ್ಭಾಗದಲ್ಲಿರುವ, ವಾಸನೆ ಗುರುತಿಸುವ ಜಾಕಬ್‌ಸನ್ ಅಂಗಕ್ಕೆ ತಲುಪುತ್ತವೆ. ನಾಲಿಗೆ ಸೀಳಿರುವುದರ ಉಪಯೋಗ ಇಲ್ಲೇ: ಎಡಗಡೆ ತುದಿಗೆ ವಾಸನೆ ಜಾಸ್ತಿ ಸಿಕ್ಕರೆ ಎಡಕ್ಕೆ, ಬಲಗಡೆಗೆ ಸಿಕ್ಕರೆ ಬಲಕ್ಕೆ ತಿರುಗುತ್ತದೆ. ಹೀಗೆ ಹೆಣ್ಣನ್ನು ಹುಡುಕುತ್ತಾ ಬಂದ ಗಂಡು ನಿಮ್ಮ ಕೊಟ್ಟಿಗೆಗೂ ಬಂದಿರಬಹುದು. ಪಾಪ, ಹೆಣ್ಣು ಸತ್ತಿರುವುದು ಅದಕ್ಕೆ ಗೊತ್ತಿಲ್ಲ.

ಬೆದೆಯ ಕಾಲ ಅಲ್ಲದಿದ್ದರೆ ಕಾರಣ ಇನ್ನೂ ಸರಳ: ಇಲಿ. ಹಿಂಡಿ ಚೀಲ, ಹುಲ್ಲಿನ ಬಣವೆ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಮೊದಲ ಹಾವನ್ನು ಕರೆದದ್ದೂ ಅದೇ, ಎರಡನೆಯದನ್ನು ಕರೆದದ್ದೂ ಅದೇ. ಹೊಡೆದು ಹಾಕಿದರೆ ಜಾಗ ಖಾಲಿಯಾಗುತ್ತದೆ, ಇಲಿ ಹಾಗೇ ಉಳಿಯುತ್ತದೆ. ಹಾಗಾಗಿ ನನ್ನ ಪ್ರಕಾರ ಹಾವನ್ನು ಹೊಡೆಯುವುದು ಪಾಪ ಅಷ್ಟೇ ಅಲ್ಲ, ದಂಡವೂ ಹೌದು.

ಅಪಾಯವಂತೂ ಇದೆ. ಕೋಲು ಹಿಡಿದು ಹತ್ತಿರ ಹೋದರೆ ಕಡಿತಕ್ಕೆ ಸಿಕ್ಕಿಬೀಳಬಹುದು. ತುಂಡಾದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತಕ್ಕೆ ವರ್ಷಕ್ಕೆ ಸುಮಾರು 58,000 ಜನ ಬಲಿಯಾದರು ಎಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರೇ.

ಈಗ ಕಾಣಿಸಿರುವ ಹಾವಿನಿಂದ ದೂರ ನಿಂತು, ನಿಮ್ಮ ಕಡೆಯ ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಸಿ. ಹಿಂಡಿಯನ್ನು ಮುಚ್ಚಳ ಇರುವ ಡ್ರಮ್ಮಿಗೆ ಹಾಕಿ, ಗೋಡೆಯ ಬಿಲ ಮುಚ್ಚಿ. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಕಾಲಿಗೆ ಬೂಟು, ಕೈಯಲ್ಲಿ ಟಾರ್ಚ್ ಇರಲಿ. ಅಕಸ್ಮಾತ್ ಯಾರಿಗಾದರೂ ಕಚ್ಚಿದರೆ ನಾಟಿ ಮದ್ದು, ಮಂತ್ರ ಅಂತ ಹೊತ್ತು ಕಳೆಯದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಕರೆದುಕೊಂಡು ಹೋಗಿ.