ನಾಲ್ಕನೇ ಕಾಲಂನಲ್ಲಿ ಬರೀ ‘ನೋಡುತ್ತದೆ’

ಎಜುಕೇಶನಲ್ ಟೆಕ್ನಾಲಜಿಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಬರುವ ಮೇಷ್ಟ್ರು, ಮೇಡಂಗಳು ಮೊದಲು ಕೇಳುವುದು ಒಂದೇ: ‘ಸರ್, ಕೋಡಿಂಗ್ ಬರಬೇಕಾ?’ ಬೇಡ. ಆ್ಯಪ್, ಸ್ಮಾರ್ಟ್ ಬೋರ್ಡ್ ಬಳಸುವುದನ್ನು ನಾಲ್ಕು ದಿನದ ತರಬೇತಿಯಲ್ಲೇ ಕಲಿಯಬಹುದು. ಅದಕ್ಕೆ ಎರಡು ವರ್ಷ ಯಾಕೆ? ಈ ಕೋರ್ಸಿನ ತಿರುಳೇ ಬೇರೆ. ಮಗು ಹೇಗೆ ಕಲಿಯುತ್ತದೆ, ಪಾಠವನ್ನು ಹೇಗೆ ಕಟ್ಟಬೇಕು, ಕಲಿತದ್ದು ನಿಜಾನಾ ಅಂತ ಹೇಗೆ ಅಳೆಯಬೇಕು. ಮೂಡಲ್ (ಆನ್‌ಲೈನ್‌ನಲ್ಲಿ ಪಾಠ ನಡೆಸುವ ಸಾಫ್ಟ್‌ವೇರ್), ವಿಡಿಯೊ ಎಡಿಟಿಂಗ್ ಎಲ್ಲ ಆಮೇಲಿನ ಮಾತು.

ಮಂಡ್ಯದ ಕಡೆಯ ಮೇಡಂ ಒಬ್ಬರು ಭಿನ್ನರಾಶಿಯ ಮೇಲೆ ವಿಡಿಯೊ ಮಾಡಲು ಸ್ಟೋರಿಬೋರ್ಡ್ ಬರೆದು ತಂದಿದ್ದರು. ನಾಲ್ಕು ಕಾಲಂ: ತೆರೆಯ ಮೇಲೆ ಏನಿರುತ್ತೆ, ದನಿ ಏನು ಹೇಳುತ್ತೆ, ಎಷ್ಟು ಸೆಕೆಂಡ್, ಮಗು ಏನು ಮಾಡುತ್ತೆ. ಮೊದಲ ಮೂರು ಭರ್ತಿ. ಬಣ್ಣ, ಹಿನ್ನೆಲೆ ಸಂಗೀತ ಎಲ್ಲ ಇತ್ತು. ನಾಲ್ಕನೆಯದರಲ್ಲಿ ಮೇಲಿಂದ ಕೆಳಗೆ ಒಂದೇ ಪದ: ‘ನೋಡುತ್ತದೆ’.

ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದೋ? ಕೇಳಿ ನೋಡಿ, ‘ನಾಲ್ಕನೇ ಒಂದು’ ಅನ್ನುವ ಮಕ್ಕಳು ಎಷ್ಟೋ ಜನ. ಮೂರಕ್ಕಿಂತ ನಾಲ್ಕು ದೊಡ್ಡದು ತಾನೇ, ಅದು ಅವರ ಲೆಕ್ಕ. ಸುಮ್ನೆ ನೋಡಿದರೆ ಈ ಲೆಕ್ಕ ತಲೆಯಿಂದ ಹೋಗಲ್ಲ. ಆಮೇಲೆ ಮೇಡಂ ವಿಡಿಯೊವನ್ನು ಅರ್ಧಕ್ಕಿಂತ ಚಿಕ್ಕದು ಮಾಡಿದರು. ನಡುವೆ ಪ್ರಶ್ನೆ ಕೇಳಿ ನಿಲ್ಲಿಸಿದರು. ಒಂದೇ ಅಳತೆಯ ಎರಡು ಪೇಪರ್ ಪಟ್ಟಿ, ಒಂದನ್ನು ಮೂರು ಸಮಭಾಗ, ಇನ್ನೊಂದನ್ನು ನಾಲ್ಕು ಸಮಭಾಗ ಆಗುವಂತೆ ಮಡಿಸಿ ಪಕ್ಕಪಕ್ಕ ಇಟ್ಟು ನೋಡುವುದು. ಆ ಪಾಠದಲ್ಲಿ ಕೆಲಸ ಮಾಡಿದ್ದು ಪೇಪರೇ. ಇದನ್ನು ಒಪ್ಪಿಕೊಳ್ಳಲು ನಮ್ಮ ಕ್ಷೇತ್ರದವರಿಗೆ ಸ್ವಲ್ಪ ಕಷ್ಟ, ಬಿಡಿ!

ಮಗು ಏನು ಮಾಡುತ್ತೆ ಅನ್ನುವುದು ಇವತ್ತಿನ ಪ್ರಶ್ನೆಯೂ ಅಲ್ಲ. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದ ಕಾಲದಲ್ಲಿ ನಮ್ಮ ಮೈಸೂರಿನ ಪಕ್ಕದ ಚಾಮರಾಜನಗರದ ಶಾಲೆಗಳಿಗೆ ಉಪಗ್ರಹದಿಂದ ಪಾಠ ಬಂತು. ಟಿವಿ ಆರಿಸಿದ ಮೇಲೆ ಮುಂದೇನು ಅನ್ನುವುದು ಆಗಲೂ ಮೇಷ್ಟ್ರ ಕೈಯಲ್ಲೇ ಇತ್ತು.

ಮೈಸೂರಿನಲ್ಲಿ ಇದ್ದವರಿಗೆ ಒಂದು ಅನುಕೂಲ. 1963ರಿಂದ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಲ್ಲಿದೆ. ಮೈಸೂರು ವಿಶ್ವವಿದ್ಯಾಲಯದ ಇಎಂಎಂಆರ್‌ಸಿ ಅನ್ನುವ ಮಲ್ಟಿಮೀಡಿಯಾ ಕೇಂದ್ರದಲ್ಲಿ ಶೈಕ್ಷಣಿಕ ವಿಡಿಯೊಗಳು ತಯಾರಾಗುತ್ತವೆ. ಫೀಸು ಕಟ್ಟುವ ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ ಈ ವಿಷಯದ ಒಂದು ಕೋರ್ಸ್ ಉಚಿತವಾಗಿ ಓದಿ. ಎರಡನೇ ವಾರಕ್ಕೇ ಬೇಜಾರಾದರೆ ದುಡ್ಡು ಉಳಿಯಿತು.

ಡಿಗ್ರಿಯ ಹೆಸರನ್ನೂ ನೋಡಿಕೊಳ್ಳಿ. ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ, ಎಂ.ಎಡ್. ಬದಲು ಇದು ನಡೆಯುತ್ತದೆ ಅಂತ ನಂಬಿ ಸೇರಬೇಡಿ. ಶಿಕ್ಷಕರ ಶಿಕ್ಷಣದ ನಿಯಮ ಮಾಡುವ ಎನ್‌ಸಿಟಿಇ ಹೇಳುವ ಅರ್ಹತೆ ಓದಿ. ಆನ್‌ಲೈನ್ ಅಥವಾ ದೂರಶಿಕ್ಷಣ ಆದರೆ ಯುಜಿಸಿಯ ಆ ವರ್ಷದ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಷ್ಟೇ ಸಾಲದು, ನಿಮ್ಮ ಕೋರ್ಸ್ ಹೆಸರೂ ಇರಬೇಕು.

ಕಂಪನಿಗಳ ತರಬೇತಿ ವಿಭಾಗಕ್ಕೆ, ಇ-ಲರ್ನಿಂಗ್ ಸಂಸ್ಥೆಗೆ ಹೋಗುವವರಿಗೆ ಈ ತಲೆನೋವು ಕಡಿಮೆ. ಅಲ್ಲಿ ಅಂಕಪಟ್ಟಿಗಿಂತ ನೀವು ಮಾಡಿದ ಪಾಠಗಳನ್ನೇ ಜಾಸ್ತಿ ನೋಡುತ್ತಾರೆ. ಮೊದಲ ಕರಡು, ತಿದ್ದಿದ ಕರಡು, ಯಾಕೆ ತಿದ್ದಿದಿರಿ ಅನ್ನುವ ಟಿಪ್ಪಣಿ, ಮೂರನ್ನೂ ಎತ್ತಿಡಿ. ಸರ್ಕಾರಿ ಶಾಲೆಯಲ್ಲಿ ಇದ್ದುಕೊಂಡೇ ಓದುವವರು ಸೇರುವ ಮೊದಲೇ ಇಲಾಖೆಯ ಅನುಮತಿ ಪತ್ರ ಪಡೆಯಿರಿ. ಆಮೇಲೆ ಡಿಗ್ರಿಯನ್ನು ಸೇವಾ ಪುಸ್ತಕಕ್ಕೆ ಸೇರಿಸಿ ಅಂತ ಹೋದಾಗ ಮೊದಲು ಕೇಳುವುದು ಅದನ್ನೇ.