ಮ್ಯೂನಿಕ್‌ನಿಂದ ಇಪ್ಸ್‌ವಿಚ್‌ವರೆಗೆ: ಪಾಲ್ ಲ್ಯಾಂಬರ್ಟ್ ಏರಿದ್ದು ಹೇಗೆ, ಇಳಿದದ್ದು ಏಕೆ

2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್‌ನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್ ಆರಂಭವಾದಾಗ ಅದರ 20 ಕ್ಲಬ್‌ಗಳ ಪೈಕಿ ಏಳರ ಚುಕ್ಕಾಣಿ ಸ್ಕಾಟ್ಲೆಂಡಿನವರ ಕೈಯಲ್ಲಿತ್ತು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಅಲೆಕ್ಸ್ ಫರ್ಗ್ಯುಸನ್, ಲಿವರ್‌ಪೂಲ್‌ನಲ್ಲಿ ಕೆನ್ನಿ ಡಾಲ್ಗ್ಲಿಷ್, ಎವರ್ಟನ್‌ನಲ್ಲಿ ಡೇವಿಡ್ ಮೊಯೆಸ್, ಆಸ್ಟನ್ ವಿಲ್ಲಾದಲ್ಲಿ ಅಲೆಕ್ಸ್ ಮೆಕ್‌ಲೀಷ್, ಬ್ಲ್ಯಾಕ್‌ಬರ್ನ್‌ನಲ್ಲಿ ಸ್ಟೀವ್ ಕೀನ್, ಬೋಲ್ಟನ್‌ನಲ್ಲಿ ಓವನ್ ಕಾಯ್ಲ್ ಇದ್ದರು. ಈ ಕಾಯ್ಲ್ ಮುಂದೆ ಚೆನ್ನೈಯಿನ್ ಮತ್ತು ಜಮ್‌ಶೆಡ್‌ಪುರ ತಂಡಗಳ ಕೋಚ್ ಆಗಿ ಬಂದದ್ದರಿಂದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನೋಡುವ ಬೆಂಗಳೂರಿನ ಅಭಿಮಾನಿಗಳಿಗೂ ಪರಿಚಿತರು. ಏಳನೆಯವರು ಅದೇ ವರ್ಷ ಬಡ್ತಿ ಪಡೆದು ಬಂದಿದ್ದ ನಾರ್ವಿಚ್ ಸಿಟಿಯ ಪಾಲ್ ಲ್ಯಾಂಬರ್ಟ್. ಉಳಿದವರೆಲ್ಲರಿಗಿಂತ ಅವರು ಬಂದ ದಾರಿ ಬೇರೆಯಾಗಿತ್ತು, ಏಕೆಂದರೆ ಆಟಗಾರನಾಗಿ ಅವರಿಗೆ ಹೆಸರು ತಂದುಕೊಟ್ಟದ್ದು ಸ್ಕಾಟ್ಲೆಂಡೂ ಅಲ್ಲ, ಇಂಗ್ಲೆಂಡೂ ಅಲ್ಲ, ಜರ್ಮನಿ. ಹತ್ತು ವರ್ಷಗಳ ನಂತರ, 2021ರ ಫೆಬ್ರುವರಿಯಲ್ಲಿ, ಅದೇ ಲ್ಯಾಂಬರ್ಟ್ ಇಂಗ್ಲೆಂಡಿನ ಮೂರನೇ ದರ್ಜೆಯ ಇಪ್ಸ್‌ವಿಚ್ ಟೌನ್‌ನಿಂದ ಹೊರನಡೆದರು. ಈ ಏರಿಳಿತವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರ ಸಾಮರ್ಥ್ಯವನ್ನು ಮಾತ್ರ ಅಳೆದರೆ ಸಾಲದು. ಪ್ರತಿ ಬಾರಿ ಯಾವ ಬಗೆಯ ಕ್ಲಬ್‌ಗೆ, ಯಾವ ಹೊತ್ತಿನಲ್ಲಿ ಅವರು ಕಾಲಿಟ್ಟರು ಎಂಬುದನ್ನೂ ನೋಡಬೇಕು.

1969ರಲ್ಲಿ ಜನಿಸಿದ ಲ್ಯಾಂಬರ್ಟ್ ಗ್ಲಾಸ್ಗೊ ಪಕ್ಕದ ಪೇಯ್ಸ್‌ಲಿಯ ಸೇಂಟ್ ಮಿರೆನ್ ಕ್ಲಬ್‌ನಲ್ಲಿ ವೃತ್ತಿ ಆರಂಭಿಸಿದರು. 1987ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಆ ತಂಡ ಡಂಡೀ ಯುನೈಟೆಡ್ ತಂಡವನ್ನು ಹೆಚ್ಚುವರಿ ಅವಧಿಯ ಏಕೈಕ ಗೋಲಿನಿಂದ ಸೋಲಿಸಿದಾಗ ಅವರಿಗಿನ್ನೂ 17 ವರ್ಷ. ಅಂಥ ಆರಂಭದ ನಂತರ ದೊಡ್ಡ ಕ್ಲಬ್‌ಗಳು ಹುಡುಕಿಕೊಂಡು ಬರುತ್ತವೆ ಎಂದು ಯಾರಾದರೂ ನಿರೀಕ್ಷಿಸಬಹುದಿತ್ತು, ಹಾಗಾಗಲಿಲ್ಲ. 1992ರಲ್ಲಿ ಸೇಂಟ್ ಮಿರೆನ್ ಕೆಳದರ್ಜೆಗೆ ಜಾರಿತು, 1993ರಲ್ಲಿ ಅವರು ಮದರ್‌ವೆಲ್ ಸೇರಿದರು. ಅಲ್ಲಿ 1994-95ರ ಋತುವಿನಲ್ಲಿ ತಂಡ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಅದೇ ಋತುವಿನಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್‌ನಲ್ಲಿ ಮದರ್‌ವೆಲ್‌ಗೆ ಎದುರಾದದ್ದು ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್. ಎರಡೂ ಪಂದ್ಯಗಳನ್ನು ಸ್ಕಾಟ್ಲೆಂಡಿನ ತಂಡ ಸೋತಿತು. ಸ್ಥಿರವಾಗಿ ಆಡುವ, ಚೆಂಡನ್ನು ವ್ಯರ್ಥಮಾಡದ, ಆದರೆ ಯಾರ ಗಮನವನ್ನೂ ವಿಶೇಷವಾಗಿ ಸೆಳೆಯದ ಮಿಡ್‌ಫೀಲ್ಡರ್ ಎಂಬುದು ಆಗ ಲ್ಯಾಂಬರ್ಟ್ ಬಗ್ಗೆ ಇದ್ದ ಅಭಿಪ್ರಾಯ.

ಅವರ ಬದುಕಿನ ದಿಕ್ಕು ಬದಲಿಸಿದ ಘಟನೆ ಆಟದ ಮೈದಾನದಲ್ಲಿ ನಡೆಯಲಿಲ್ಲ, ನ್ಯಾಯಾಲಯದಲ್ಲಿ ನಡೆಯಿತು. ಅಲ್ಲಿಯವರೆಗೆ ಯುರೋಪಿನ ಬಹುತೇಕ ಕಡೆಗಳಲ್ಲಿ ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರ ತನ್ನಿಷ್ಟದಂತೆ ಕ್ಲಬ್ ಬದಲಿಸುವಂತಿರಲಿಲ್ಲ. ಹಳೆಯ ಕ್ಲಬ್ ಕೇಳಿದ ಹಣವನ್ನು ಹೊಸ ಕ್ಲಬ್ ತೆರಬೇಕಾಗಿತ್ತು. ಬೆಲ್ಜಿಯಂನ ಲಿಯೇಜ್ ಕ್ಲಬ್‌ನ ಆಟಗಾರ ಜೀನ್-ಮಾರ್ಕ್ ಬೊಸ್ಮನ್ 1990ರಲ್ಲಿ ಒಪ್ಪಂದ ಮುಗಿದು ಫ್ರಾನ್ಸಿನ ಡನ್‌ಕಿರ್ಕ್ ಕ್ಲಬ್ ಸೇರಲು ಹೊರಟಾಗ ಇದೇ ನಿಯಮ ಅಡ್ಡ ಬಂದಿತು. ಅವರು ಹೂಡಿದ ದಾವೆ ಐದು ವರ್ಷ ನಡೆದು, 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಒಪ್ಪಂದ ಮುಗಿದ ಆಟಗಾರ ಐರೋಪ್ಯ ಒಕ್ಕೂಟದ ಯಾವುದೇ ದೇಶದ ಕ್ಲಬ್‌ಗೆ ಶುಲ್ಕವಿಲ್ಲದೆ ಹೋಗಬಹುದೆಂದೂ, ಒಕ್ಕೂಟದ ಪ್ರಜೆಗಳಿಗೆ ವಿದೇಶಿ ಆಟಗಾರರ ಮಿತಿಯನ್ನು ಅನ್ವಯಿಸುವಂತಿಲ್ಲವೆಂದೂ ತೀರ್ಪು ನೀಡಿತು. ದಾವೆ ಹೂಡಿದ ಬೊಸ್ಮನ್‌ಗೆ ಅದರಿಂದ ವೃತ್ತಿಯಲ್ಲಿ ಹೆಚ್ಚೇನೂ ಲಾಭವಾಗಲಿಲ್ಲ ಎಂಬುದು ಈ ಪ್ರಕರಣದ ವಿಪರ್ಯಾಸ. ಲಾಭ ಪಡೆದ ಮೊದಲಿಗರಲ್ಲಿ, 1996ರ ಬೇಸಿಗೆಯಲ್ಲಿ ಮದರ್‌ವೆಲ್ ಜೊತೆಗಿನ ಒಪ್ಪಂದ ಮುಗಿಸಿದ್ದ ಲ್ಯಾಂಬರ್ಟ್ ಒಬ್ಬರು. ಅವರ ವಯಸ್ಸು ಆಗ 26, ಕೈಯಲ್ಲಿ ಕೆಲಸವಿರಲಿಲ್ಲ. ಡಾರ್ಟ್‌ಮಂಡ್‌ನಲ್ಲಿ ಪರೀಕ್ಷಾರ್ಥವಾಗಿ ಅಭ್ಯಾಸಕ್ಕೆ ಸೇರಿಕೊಂಡ ಅವರನ್ನು ಕೋಚ್ ಒಟ್ಮಾರ್ ಹಿಟ್ಸ್‌ಫೆಲ್ಡ್ ತಂಡದಲ್ಲೇ ಉಳಿಸಿಕೊಂಡರು.

1995 ಮತ್ತು 1996ರಲ್ಲಿ ಸತತ ಜರ್ಮನ್ ಚಾಂಪಿಯನ್ ಆಗಿದ್ದ, ಮಥಿಯಾಸ್ ಸಾಮರ್, ಆಂಡ್ರಿಯಾಸ್ ಮೊಲ್ಲರ್, ಯುರ್ಗನ್ ಕೊಹ್ಲರ್, ಪಾಲೊ ಸೌಸಾ ಅವರಂಥವರಿಂದ ತುಂಬಿದ್ದ ತಂಡಕ್ಕೆ ಮದರ್‌ವೆಲ್‌ನ ಈ ಆಟಗಾರ ಏಕೆ ಬೇಕಾಯಿತು? ಪ್ರತಿಭಾವಂತರು ಮುನ್ನುಗ್ಗಿದಾಗ ಅವರ ಹಿಂದೆ ಬಿಟ್ಟುಹೋದ ಜಾಗವನ್ನು ಕಾಯುವವನೊಬ್ಬ ಅಂಥ ತಂಡಕ್ಕೆ ಬೇಕೇ ಬೇಕು. ಸ್ಕಾಟ್ಲೆಂಡಿನಲ್ಲಿ ಎಲ್ಲ ಕೆಲಸವನ್ನೂ ಅಷ್ಟಷ್ಟು ಮಾಡುತ್ತಿದ್ದ ಲ್ಯಾಂಬರ್ಟ್, ಜರ್ಮನಿಯಲ್ಲಿ ರಕ್ಷಣಾ ಸಾಲಿನ ಮುಂದೆ ನಿಂತು ಒಂದೇ ಕೆಲಸವನ್ನು ಪೂರ್ತಿಯಾಗಿ ಮಾಡುವ ಆಟಗಾರನಾಗಿ ರೂಪುಗೊಂಡರು.

1997ರ ಮೇ 28ರಂದು ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ, ಯುರೋಪಿನ ಕ್ಲಬ್‌ಗಳ ಅಗ್ರ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್‌ನಲ್ಲಿ ಅದು ಜಗತ್ತಿಗೆ ಕಂಡಿತು. ಎದುರಾಳಿ ಇಟಲಿಯ ಯುವೆಂಟಸ್ ಹಿಂದಿನ ವರ್ಷದ ಚಾಂಪಿಯನ್, ಗೆಲ್ಲುವ ನೆಚ್ಚಿನ ತಂಡವೂ ಅದೇ. ಅದರ ಆಟವೆಲ್ಲ ಜಿನೆದಿನ್ ಜಿದಾನ್ ಸುತ್ತ ತಿರುಗುತ್ತಿತ್ತು, ಆ ಜಿದಾನ್‌ರನ್ನು ಕಟ್ಟಿಹಾಕುವ ಹೊಣೆಯನ್ನು ಹಿಟ್ಸ್‌ಫೆಲ್ಡ್ ಲ್ಯಾಂಬರ್ಟ್‌ಗೆ ವಹಿಸಿದರು. 29ನೇ ನಿಮಿಷದಲ್ಲಿ ಲ್ಯಾಂಬರ್ಟ್ ಬಲಬದಿಯಿಂದ ಕೊಟ್ಟ ಕ್ರಾಸ್‌ನಲ್ಲಿ ಕಾರ್ಲ್-ಹೈನ್ಜ್ ರೀಡ್ಲೆ ಮೊದಲ ಗೋಲು ಹೊಡೆದರು, ಐದು ನಿಮಿಷದ ನಂತರ ಕಾರ್ನರ್ ಕಿಕ್‌ನಲ್ಲಿ ಎರಡನೆಯದನ್ನೂ ಸೇರಿಸಿದರು. ದ್ವಿತೀಯಾರ್ಧದಲ್ಲಿ ಡೆಲ್ ಪಿಯೆರೊ ಹಿಮ್ಮಡಿಯಿಂದ ತಟ್ಟಿ ಒಂದು ಗೋಲು ಮರಳಿಸಿದರಾದರೂ, ಬದಲಿ ಆಟಗಾರನಾಗಿ ಆಗಷ್ಟೇ ಒಳಬಂದಿದ್ದ ಲಾರ್ಸ್ ರಿಕೆನ್ ತಮ್ಮ ಮೊದಲ ಸ್ಪರ್ಶದಲ್ಲೇ ದೂರದಿಂದ ಗೋಲ್‌ಕೀಪರ್ ತಲೆಯ ಮೇಲೆ ಚೆಂಡು ಹಾರಿಸಿ ಅಂತರವನ್ನು 3-1ಕ್ಕೆ ಏರಿಸಿದರು. ಪಂದ್ಯದ ನೆನಪುಗಳಲ್ಲಿ ರಿಕೆನ್ ಗೋಲೇ ಮೊದಲು ಬರುತ್ತದೆ. ಆದರೆ ಮರುವರ್ಷ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದ ಜಿದಾನ್ ಈ ರಾತ್ರಿ ಹೆಚ್ಚೇನೂ ಮಾಡಲಾಗದೆ ಉಳಿದದ್ದು ಫಲಿತಾಂಶಕ್ಕೆ ಅಷ್ಟೇ ಕಾರಣ. ವಿದೇಶಿ ಕ್ಲಬ್ ಪರ ಆಡಿ ಈ ಕಪ್ ಗೆದ್ದ ಮೊದಲ ಬ್ರಿಟಿಷ್ ಆಟಗಾರ ಎಂಬ ಹಿರಿಮೆ ಲ್ಯಾಂಬರ್ಟ್‌ರದಾಯಿತು.

ಕೆಲವೇ ತಿಂಗಳಲ್ಲಿ, 1997ರ ನವೆಂಬರ್‌ನಲ್ಲಿ, ಅವರು ಸುಮಾರು 20 ಲಕ್ಷ ಪೌಂಡ್ ಮೊತ್ತಕ್ಕೆ ಗ್ಲಾಸ್ಗೊದ ಸೆಲ್ಟಿಕ್ ಸೇರಿದರು. ಆಗ ಅದೇ ನಗರದ ಬದ್ಧ ವೈರಿ ರೇಂಜರ್ಸ್ ಸತತ ಒಂಬತ್ತು ಲೀಗ್ ಪ್ರಶಸ್ತಿ ಗೆದ್ದು, ಹಿಂದೆ ಸೆಲ್ಟಿಕ್ ಸ್ಥಾಪಿಸಿದ್ದ ದಾಖಲೆಯನ್ನು ಸರಿಗಟ್ಟಿ, ಹತ್ತನೆಯದಕ್ಕೆ ಕಾದಿತ್ತು. 1998ರ ಹೊಸವರ್ಷದಲ್ಲಿ ಈ ಎರಡು ತಂಡಗಳ ನಡುವೆ ನಡೆದ ಡರ್ಬಿಯಲ್ಲಿ ಲ್ಯಾಂಬರ್ಟ್ ದೂರದಿಂದ ಸಿಡಿಸಿದ ಗೋಲನ್ನು ಸೆಲ್ಟಿಕ್ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಋತುವಿನ ಕೊನೆಯ ದಿನ ಸೆಲ್ಟಿಕ್ ಲೀಗ್ ಗೆದ್ದು ರೇಂಜರ್ಸ್ ಕನಸು ಮುರಿಯಿತು. ಮಾರ್ಟಿನ್ ಓನೀಲ್ ಮ್ಯಾನೇಜರ್ ಆಗಿ ಬಂದ 2000-01ರಲ್ಲಿ ಸೆಲ್ಟಿಕ್ ದೇಶದ ಮೂರೂ ಪ್ರಶಸ್ತಿಗಳನ್ನು ಗೆದ್ದಿತು. 2003ರಲ್ಲಿ ಲ್ಯಾಂಬರ್ಟ್ ನಾಯಕತ್ವದ ತಂಡ ಸೆವಿಲ್‌ನಲ್ಲಿ ನಡೆದ ಯುಇಎಫ್‌ಎ ಕಪ್ ಫೈನಲ್ ತಲುಪಿ, ಜೋಸೆ ಮೊರಿನ್ಯೊ ಅವರ ಪೋರ್ಟೊಗೆ ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಸೋತಿತು. ಸ್ಕಾಟ್ಲೆಂಡ್ ಪರ ಅವರು 40 ಪಂದ್ಯ ಆಡಿದರು, ಬ್ರೆಜಿಲ್ ವಿರುದ್ಧದ 1998ರ ವಿಶ್ವಕಪ್ ಉದ್ಘಾಟನಾ ಪಂದ್ಯವೂ ಅದರಲ್ಲಿ ಸೇರಿದೆ.

ಬೂಟು ಕಳಚುವ ಮುನ್ನವೇ ಕೋಚಿಂಗ್ ಕಲಿಯಲು ಅವರು ಮತ್ತೆ ನೋಡಿದ್ದು ಜರ್ಮನಿಯತ್ತ. ಅಲ್ಲಿಯೇ ತರಬೇತುದಾರರ ಪರವಾನಗಿ ಪಡೆದರು. ಆದರೂ ಮೊದಲ ಹುದ್ದೆ ಕಹಿಯಾಗಿತ್ತು. 2005ರಲ್ಲಿ ವಹಿಸಿಕೊಂಡ ಲಿವಿಂಗ್‌ಸ್ಟನ್ ತಂಡ ಸೋಲುತ್ತಲೇ ಹೋಗಿ, 2006ರ ಫೆಬ್ರುವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು. ಹೆಸರಾಂತ ಆಟಗಾರರಲ್ಲಿ ಅನೇಕರು ಇಲ್ಲಿಗೇ ನಿಲ್ಲಿಸಿ ಟಿ.ವಿ. ಸ್ಟುಡಿಯೊ ಸೇರುತ್ತಾರೆ. ಯುರೋಪಿನ ಕಪ್ ಗೆದ್ದವರು ಇಂಗ್ಲೆಂಡಿನ ನಾಲ್ಕನೇ ದರ್ಜೆಗೆ ಇಳಿದು ವೈಕಂಬ್ ವಾಂಡರರ್ಸ್ ಸೇರಿಕೊಂಡದ್ದು ಅವರ ವೃತ್ತಿಜೀವನದ ಅತ್ಯಂತ ಜಾಣ ತೀರ್ಮಾನ ಎನ್ನಬೇಕು. 2006-07ರ ಲೀಗ್ ಕಪ್‌ನಲ್ಲಿ ಆ ಪುಟ್ಟ ಕ್ಲಬ್ ಪ್ರೀಮಿಯರ್ ಲೀಗ್‌ನ ಫುಲಮ್ ಮತ್ತು ಚಾರ್ಲ್‌ಟನ್ ತಂಡಗಳನ್ನು ಅವರದೇ ಅಂಗಳದಲ್ಲಿ ಸೋಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿ ಎದುರಿಗಿದ್ದದ್ದು ಮತ್ತೆ ಮೊರಿನ್ಯೊ, ಈ ಬಾರಿ ಚೆಲ್ಸಿಯೊಂದಿಗೆ. ತವರಿನಲ್ಲಿ 1-1ರ ಸಮಬಲ ಸಾಧಿಸಿದ ವೈಕಂಬ್, ಲಂಡನ್‌ನಲ್ಲಿ 4-0ಯಿಂದ ಸೋತಿತು.

2008ರಲ್ಲಿ ಅವರು ಮೂರನೇ ದರ್ಜೆಯ ಕೊಲ್ಚೆಸ್ಟರ್ ಯುನೈಟೆಡ್‌ಗೆ ಹೋದರು. 2009ರ ಆಗಸ್ಟ್ 8ರಂದು, ಋತುವಿನ ಮೊದಲ ಪಂದ್ಯದಲ್ಲಿ, ಆ ತಂಡ ನಾರ್ವಿಚ್ ಸಿಟಿಯನ್ನು ನಾರ್ವಿಚ್‌ನಲ್ಲೇ 7-1ರಿಂದ ಬಗ್ಗುಬಡಿಯಿತು. ಸುಮಾರು ಐವತ್ತು ವರ್ಷಗಳ ನಂತರ ಮೂರನೇ ದರ್ಜೆಗೆ ಬಿದ್ದಿದ್ದ ನಾರ್ವಿಚ್ ತನ್ನ ಮ್ಯಾನೇಜರ್‌ನನ್ನು ಕೈಬಿಟ್ಟು, ಹತ್ತು ದಿನಗಳಲ್ಲಿ ಲ್ಯಾಂಬರ್ಟ್‌ರನ್ನೇ ಕರೆತಂದಿತು. ಪರಿಹಾರದ ಮೊತ್ತಕ್ಕಾಗಿ ಎರಡೂ ಕ್ಲಬ್‌ಗಳ ನಡುವೆ ಜಗಳ ಹತ್ತಿಕೊಂಡಿತು. 2010ರ ಜನವರಿಯಲ್ಲಿ ಕೊಲ್ಚೆಸ್ಟರ್ ಅಂಗಳಕ್ಕೆ ಹೋದ ನಾರ್ವಿಚ್ 5-0ಯಿಂದ ಗೆದ್ದು ಬಂದಿತು. ಆ ಋತುವಿನಲ್ಲಿ 95 ಅಂಕಗಳೊಂದಿಗೆ ಚಾಂಪಿಯನ್, ಮರುವರ್ಷ ಎರಡನೇ ದರ್ಜೆಯಲ್ಲಿ 84 ಅಂಕಗಳೊಂದಿಗೆ ದ್ವಿತೀಯ ಸ್ಥಾನ, ಹೀಗೆ ಎರಡೇ ವರ್ಷದಲ್ಲಿ ನಾರ್ವಿಚ್ ಪ್ರೀಮಿಯರ್ ಲೀಗ್ ಮುಟ್ಟಿತು. ಮೂರನೇ ವರ್ಷ ಅಲ್ಲಿ 12ನೇ ಸ್ಥಾನ ಪಡೆಯಿತು.

ಈ ಯಶಸ್ಸಿನ ಒಳಗುಟ್ಟು ದೊಡ್ಡ ಖರೀದಿಗಳಲ್ಲಿರಲಿಲ್ಲ. ಬ್ರಿಟನ್‌ನ ಪದ್ಧತಿಯಲ್ಲಿ ಮ್ಯಾನೇಜರ್ ಆದವನು ಅಭ್ಯಾಸ ಮಾಡಿಸುವುದಷ್ಟೇ ಅಲ್ಲ, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದರಲ್ಲೂ ಪ್ರಮುಖ ಮಾತು ಅವನದೇ ಆಗಿರುತ್ತಿತ್ತು. ಕೆಳದರ್ಜೆಯ ಮೈದಾನಗಳಲ್ಲಿ ವರ್ಷಗಟ್ಟಲೆ ದುಡಿದಿದ್ದ ಲ್ಯಾಂಬರ್ಟ್‌ಗೆ ಅಲ್ಲಿನ ಆಟಗಾರರ ಪರಿಚಯವಿತ್ತು. ರಸೆಲ್ ಮಾರ್ಟಿನ್ ವೈಕಂಬ್‌ನಲ್ಲಿ ಅವರ ಕೈಕೆಳಗೆ ಆಡಿದ್ದವರು, ಡೇವಿಡ್ ಫಾಕ್ಸ್ ಕೊಲ್ಚೆಸ್ಟರ್‌ನಿಂದ ಬಂದವರು, ನಾಯಕ ಗ್ರಾಂಟ್ ಹೋಲ್ಟ್ ನಾಲ್ಕನೇ ದರ್ಜೆಯಿಂದ ಮೇಲೇರಿದ್ದ ಸ್ಟ್ರೈಕರ್. ತಮಗಿದು ಬದುಕಿನ ದೊಡ್ಡ ಅವಕಾಶ ಎಂದು ತಿಳಿದಿದ್ದ ಇಂಥವರಿಗೆ ಸ್ಪಷ್ಟವಾದ ಕೆಲಸ ಹಂಚುವುದು ಲ್ಯಾಂಬರ್ಟ್‌ಗೆ ಒಲಿದಿತ್ತು. ಡಾರ್ಟ್‌ಮಂಡ್‌ನಲ್ಲಿ ಲ್ಯಾಂಬರ್ಟ್‌ಗೆ ಹಿಟ್ಸ್‌ಫೆಲ್ಡ್ ಮಾಡಿದ್ದೂ ಅದನ್ನೇ.

2012ರ ಜೂನ್‌ನಲ್ಲಿ ಆಸ್ಟನ್ ವಿಲ್ಲಾಕ್ಕೆ ಹೋದಾಗ ಪರಿಸ್ಥಿತಿ ತಿರುವುಮುರುವಾಯಿತು. ವಿಲ್ಲಾದ ಅಮೆರಿಕನ್ ಒಡೆಯ ರ‍್ಯಾಂಡಿ ಲರ್ನರ್ ಹಿಂದಿನ ವರ್ಷಗಳಲ್ಲಿ ಧಾರಾಳವಾಗಿ ಖರ್ಚು ಮಾಡಿ ಈಗ ಕೈ ಬಿಗಿಹಿಡಿದಿದ್ದರು. ದುಬಾರಿ ಸಂಬಳದ ಹಿರಿಯರನ್ನು ಬದಿಗೆ ಸರಿಸಿ, ಕೆಳದರ್ಜೆಗಳಿಂದ ಅಗ್ಗದ ಯುವಕರನ್ನು ತಂದು ತಂಡ ಕಟ್ಟಬೇಕಾಗಿತ್ತು. ನಾರ್ವಿಚ್‌ನಲ್ಲಿ ಮೂರು ವರ್ಷ ಮೆಟ್ಟಿಲು ಹತ್ತುತ್ತಾ ಕಲಿತ ಆಟಗಾರರು ಇದ್ದರೆ, ಇಲ್ಲಿನ ಹುಡುಗರು ನೇರವಾಗಿ ಮೇಲಿನ ಮೆಟ್ಟಿಲಿಗೆ ಬಂದು ನಿಂತರು. 2012ರ ಡಿಸೆಂಬರ್‌ನ ಕೊನೆಯ ಮೂರು ಪಂದ್ಯಗಳಲ್ಲಿ ವಿಲ್ಲಾ ಚೆಲ್ಸಿಗೆ 8-0, ಟಾಟನಮ್‌ಗೆ 4-0, ವಿಗನ್‌ಗೆ 3-0ಯಿಂದ ಸೋತಿತು. ಮರು ತಿಂಗಳೇ ಲೀಗ್ ಕಪ್ ಸೆಮಿಫೈನಲ್‌ನಲ್ಲಿ ನಾಲ್ಕನೇ ದರ್ಜೆಯ ಬ್ರಾಡ್‌ಫರ್ಡ್ ಸಿಟಿಗೆ ಮಣಿಯಿತು. ವೈಕಂಬ್‌ನ ಲ್ಯಾಂಬರ್ಟ್ ಒಮ್ಮೆ ದೊಡ್ಡವರಿಗೆ ಮಾಡಿದ್ದನ್ನು ಈಗ ಬೇರೊಬ್ಬರು ಅವರಿಗೆ ಮಾಡಿದರು. ಬೆಲ್ಜಿಯಂನಿಂದ 70 ಲಕ್ಷ ಪೌಂಡ್‌ಗೆ ತಂದ ಕ್ರಿಸ್ಟಿಯನ್ ಬೆಂಟೆಕೆ 19 ಲೀಗ್ ಗೋಲು ಹೊಡೆಯದಿದ್ದರೆ ಅದೇ ವರ್ಷ ಹಿಂಬಡ್ತಿ ಖಚಿತವಾಗಿತ್ತು. ಎರಡು ಋತುಗಳಲ್ಲೂ ತಂಡ 15ನೇ ಸ್ಥಾನದಲ್ಲಿ ಉಳಿದುಕೊಂಡಿತು. 2014ರ ಏಪ್ರಿಲ್‌ನಲ್ಲಿ ದೀರ್ಘಕಾಲದ ಸಹಾಯಕರಾದ ಇಯನ್ ಕಲ್ವರ್‌ಹೌಸ್ ಮತ್ತು ಗ್ಯಾರಿ ಕಾರ್ಸಾರನ್ನು ಕ್ಲಬ್ ಅಮಾನತುಗೊಳಿಸಿತು. ಅವರ ಜಾಗಕ್ಕೆ ಬಂದ ರಾಯ್ ಕೀನ್ ಕೆಲವೇ ತಿಂಗಳಲ್ಲಿ ಹೊರಟರು. 2015ರ ಫೆಬ್ರುವರಿ 11ರಂದು ಲ್ಯಾಂಬರ್ಟ್‌ರನ್ನು ವಜಾ ಮಾಡಿದಾಗ ವಿಲ್ಲಾ 25 ಲೀಗ್ ಪಂದ್ಯಗಳಲ್ಲಿ ಹೊಡೆದಿದ್ದ ಗೋಲುಗಳು 12 ಮಾತ್ರ.

ಒಡೆಯರ ಜಿಪುಣತನವನ್ನಷ್ಟೇ ದೂರುವುದು ನ್ಯಾಯವಲ್ಲ. ನಾರ್ವಿಚ್‌ನಲ್ಲಿ ಪಂದ್ಯದಿಂದ ಪಂದ್ಯಕ್ಕೆ ರಚನೆ ಬದಲಿಸಿ ಗೆಲ್ಲುತ್ತಿದ್ದ ಮ್ಯಾನೇಜರ್, ವಿಲ್ಲಾದಲ್ಲಿ ಕೊನೆಕೊನೆಗೆ ಚೆಂಡನ್ನು ಹಿಡಿದಿಟ್ಟುಕೊಳ್ಳುವ ಆಟಕ್ಕೆ ಹೊರಳಿ, ಗೋಲಿನತ್ತ ಸಾಗುವ ದಾರಿಯನ್ನೇ ಕಳೆದುಕೊಂಡರು. ಕಲ್ವರ್‌ಹೌಸ್ ಹೋದ ಮೇಲೆ ಅಭ್ಯಾಸದ ಅಂಗಳದಲ್ಲಿ ಆದ ನಷ್ಟವನ್ನು ಅವರು ತುಂಬಿಕೊಳ್ಳಲೇ ಇಲ್ಲ ಎಂದು ನನಗನ್ನಿಸುತ್ತದೆ.

ಅಲ್ಲಿಂದ ಮುಂದೆ ಅವರಿಗೆ ಸಿಕ್ಕ ಹುದ್ದೆಗಳೆಲ್ಲ ಋತುವಿನ ನಡುವೆ ಬಂದವು. ಬ್ಲ್ಯಾಕ್‌ಬರ್ನ್‌ನಲ್ಲಿ ಒಂದು ಋತುವೂ ತುಂಬಲಿಲ್ಲ. 2016ರ ನವೆಂಬರ್‌ನಲ್ಲಿ ಸೇರಿದ ವುಲ್ವ್ಸ್ (ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್) ಅವರ ಅವಧಿಯಲ್ಲಿ ಎಫ್‌ಎ ಕಪ್‌ನಲ್ಲಿ ಲಿವರ್‌ಪೂಲ್ ತಂಡವನ್ನು ಅದರದೇ ಆನ್‌ಫೀಲ್ಡ್‌ನಲ್ಲಿ 2-1ರಿಂದ ಸೋಲಿಸಿತಾದರೂ, ಹೊಸ ಚೀನೀ ಒಡೆಯರು ಮುಂದಿನ ಋತುವಿಗೆ ಪೋರ್ಚುಗಲ್‌ನ ನುನೊ ಎಸ್ಪಿರಿಟೊ ಸ್ಯಾಂಟೊರನ್ನು ಆರಿಸಿಕೊಂಡರು. 2018ರ ಜನವರಿಯಲ್ಲಿ ವಹಿಸಿಕೊಂಡ ಸ್ಟೋಕ್ ಸಿಟಿ 15 ಲೀಗ್ ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು, ಹತ್ತು ವರ್ಷಗಳ ನಂತರ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಎರಡನೇ ದರ್ಜೆಯ ಕೊನೆಯ ಸ್ಥಾನದಲ್ಲಿದ್ದ ಇಪ್ಸ್‌ವಿಚ್‌ಗೆ ಹೋದದ್ದು ಹಲವರಿಗೆ ಅಚ್ಚರಿ ತಂದಿತು, ಏಕೆಂದರೆ ಇಪ್ಸ್‌ವಿಚ್ ನಾರ್ವಿಚ್‌ನ ಬದ್ಧ ವೈರಿ. 2019ರ ಫೆಬ್ರುವರಿಯಲ್ಲಿ ಹಳೆಯ ಅಂಗಳಕ್ಕೆ ಎದುರಾಳಿಯಾಗಿ ಮರಳಿದ ಲ್ಯಾಂಬರ್ಟ್, ಬದಿಗೆರೆಯಲ್ಲಿ ನಡೆದ ತಳ್ಳಾಟಕ್ಕಾಗಿ ಹೊರಹಾಕಿಸಿಕೊಂಡರು. ಪಂದ್ಯವನ್ನು ಅವರ ತಂಡ 3-0ಯಿಂದ ಸೋತಿತು. ಆ ಋತುವಿನ ಕೊನೆಗೆ ಇಪ್ಸ್‌ವಿಚ್ 1957ರ ನಂತರ ಮೊದಲ ಬಾರಿಗೆ ಮೂರನೇ ದರ್ಜೆಗೆ ಇಳಿಯಿತು. ಆದರೂ ಅಭಿಮಾನಿಗಳೊಂದಿಗೆ ನೇರವಾಗಿ ಮಾತನಾಡುತ್ತಿದ್ದ ಅವರ ಮೇಲೆ ಜನಕ್ಕೆ ವಿಶ್ವಾಸವಿತ್ತು, 2020ರ ಜನವರಿಯಲ್ಲಿ ಕ್ಲಬ್ ಐದು ವರ್ಷಗಳ ಹೊಸ ಒಪ್ಪಂದವನ್ನೂ ಕೊಟ್ಟಿತು. ಆರಂಭದಲ್ಲಿ ಮುಂಚೂಣಿಯಲ್ಲಿದ್ದ ತಂಡ ಕೋವಿಡ್‌ನಿಂದ ಮೊಟಕಾದ ಆ ಋತುವನ್ನು 11ನೇ ಸ್ಥಾನದಲ್ಲಿ ಮುಗಿಸಿತು, ಮರುವರ್ಷವೂ ಚೇತರಿಸಿಕೊಳ್ಳಲಿಲ್ಲ.

ಅವರು ಹೊರಟ ಕೆಲವೇ ವಾರಗಳಲ್ಲಿ ಇಪ್ಸ್‌ವಿಚ್ ಅಮೆರಿಕದ ಹೂಡಿಕೆದಾರರ ಕೈಸೇರಿತು. ತಂಡವನ್ನು ಬುಡದಿಂದ ಹೊಸದಾಗಿ ಕಟ್ಟಲು ಹಣವೂ ಸಮಯವೂ ದೊರೆತ ಕೀರನ್ ಮೆಕೆನ್ನಾ ಅವರ ಮಾರ್ಗದರ್ಶನದಲ್ಲಿ ಅದು 2023 ಮತ್ತು 2024ರಲ್ಲಿ ಸತತ ಎರಡು ಬಡ್ತಿ ಪಡೆದು ಮೂರನೇ ದರ್ಜೆಯಿಂದ ಪ್ರೀಮಿಯರ್ ಲೀಗ್ ಸೇರಿತು. ಸೌತಾಂಪ್ಟನ್ 2012ರಲ್ಲಿ ಅದನ್ನು ಸಾಧಿಸಿತ್ತು, ಅದಕ್ಕೂ ಒಂದು ವರ್ಷ ಮೊದಲು ಸಾಧಿಸಿದ್ದು ಲ್ಯಾಂಬರ್ಟ್‌ರ ನಾರ್ವಿಚ್.